ಬೆಟ್ಟಕ್ಕೆ ಮರಳಿದ ದರಕು

"ಎಲ್ಲಾ ಸರಿ. ದರಕಿಗೆ ಏನ್ ಮಾಡ್ತೀರಿ?" ಎಂದರು ವೆಂಕಟ್ರಮಣ ಭಟ್ಟರು.

ಬಸದಿಯ ಎದುರಿನ ಕಟ್ಟೆಯ ಮೇಲೆ ಹಾಸಿದ್ದ ಜಮಖಾನೆಯಲ್ಲಿ ಕೂತಿದ್ದವರೆಲ್ಲ ಸಮತಾಳ ಮುಖ ನೋಡಿದರು. ಅಷ್ಟು ಹೊತ್ತು ಅವಳು ವಿವರಿಸಿದ್ದಕ್ಕೆಲ್ಲ ತಲೆಯಾಡಿಸುತ್ತ ಕೂತಿದ್ದ ಭಟ್ಟರು ಕೇಳಿದ್ದು ಇದೊಂದೇ ಪ್ರಶ್ನೆ. ಅವಳ ಹತ್ತಿರ ಉತ್ತರವಿಲ್ಲದ ಪ್ರಶ್ನೆಯೂ ಅದೊಂದೇ.

ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಬಿದಿರುಸರ. ಅಲ್ಲಿಯ ಮತ್ತಿಹಳ್ಳ ಭಟ್ಟರ ಮೇಲ್ಬೆಟ್ಟದಲ್ಲಿ ಹುಟ್ಟಿ, ಸಮತಾಳ ಮಾವ ಪದ್ಮರಾಜಯ್ಯನವರ ಜಮೀನಿನ ಪಕ್ಕ ಇಳಿದು, ದುಗ್ಗಪ್ಪನ ಕೆಳಕೇರಿಯ ಗದ್ದೆಗಳನ್ನು ದಾಟಿ ಶರಾವತಿಯ ಕಡೆಗೆ ಹೋಗುತ್ತದೆ. ಹಿಂದೆ ಬೇಸಿಗೆಯಿಡೀ ಹರಿಯುತ್ತಿತ್ತಂತೆ. ಈಗ ಶಿವರಾತ್ರಿಗೆಲ್ಲ ಹಳ್ಳದ ಕಲ್ಲು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕೆಳಕೇರಿಯ ಹೆಂಗಸರು ಕೊಡ ಇಟ್ಟುಕೊಂಡು ಪಂಚಾಯ್ತಿಯ ಟ್ಯಾಂಕರಿಗೆ ಕಾಯಬೇಕು. ಟ್ಯಾಂಕರಿನ ಡ್ರೈವರನಿಗೆ ಆ ದಿನಗಳಲ್ಲಿ ಊರಿನಲ್ಲಿ ಸಿಗುವ ಮರ್ಯಾದೆ ಶಾಸಕರಿಗೂ ಸಿಗುವುದಿಲ್ಲ.

ಹಳ್ಳದ ತಲೆಯಲ್ಲಿ ಇಂಗುಗುಂಡಿ ತೋಡಬೇಕು, ಅಕೇಶಿಯಾ ತೆಗೆದು ಕಾಡುಗಿಡ ನೆಡಬೇಕು, ಬಿದ್ದ ಎಲೆಯನ್ನು ಬಿದ್ದಲ್ಲೇ ಕೊಳೆಯಲು ಬಿಡಬೇಕು. ಹಾಗೆ ಮಾಡಿದರೆ ನೀರು ಇಂಗುತ್ತದೆ, ಹಳ್ಳ ಬೇಸಿಗೆಯಲ್ಲೂ ಉಳಿಯುತ್ತದೆ. ಸಾಗರದ ಹತ್ತಿರದ ತನ್ನ ತವರೂರಿನಲ್ಲಿ ಸತ್ತೇಹೋಯಿತು ಎಂದುಕೊಂಡಿದ್ದ ಹಳ್ಳವೊಂದು ಹೀಗೆ ಚೇತರಿಸಿಕೊಂಡದ್ದನ್ನು ಸಮತಾ ಕಣ್ಣಾರೆ ಕಂಡಿದ್ದಳು. ಅದಕ್ಕೇ ಅವಳು ಬಿಡದೆ ಅಲೆದಿದ್ದಳು. ಬೆಂಗಳೂರಿನ ಒಂದು ಕಂಪನಿ ಗುಂಡಿಗೂ ಗಿಡಕ್ಕೂ ಖರ್ಚು ಕೊಡಲು ಒಪ್ಪಿತ್ತು. ಅರಣ್ಯ ಇಲಾಖೆಯವರು ಬೇಡವೆನ್ನಲಿಲ್ಲ. ಪಂಚಾಯ್ತಿಯವರು ಉದ್ಯೋಗ ಖಾತ್ರಿಯಲ್ಲಿ ಕೂಲಿ ಕೊಡುತ್ತೇವೆಂದರು. ನೆಟ್ಟ ಗಿಡ ನೋಡಿಕೊಳ್ಳುವುದು ಕೆಳಕೇರಿಯ ಮಹಿಳಾ ಸಂಘದ ಪಾಲು. ಇವರನ್ನೆಲ್ಲ ಒಪ್ಪಿಸುವುದಕ್ಕಿಂತ ಊರಿನವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸುವುದೇ ಹೆಚ್ಚು ಕಷ್ಟವಾಗಿತ್ತು. ಕೆಳಕೇರಿಯವರು ಕೆಲಸ ಮುಗಿಸಿ ಬರುವುದು ಕತ್ತಲಾಗುವಾಗ. ಜೈನರ ಮನೆಯವರು ಕತ್ತಲಾಗುವುದರೊಳಗೆ ಊಟ ಮುಗಿಸಬೇಕು. ಭಟ್ಟರು ಮಧ್ಯಾಹ್ನ ಮಲಗಿ ಏಳದೆ ಮಾತಿಗೆ ಸಿಗುವವರಲ್ಲ. ಕೊನೆಗೆ ಎಲ್ಲರಿಗೂ ಒಂದಿಷ್ಟು ತೊಂದರೆಯಾಗುವ ಈ ಭಾನುವಾರದ ಇಳಿಹೊತ್ತು ಗೊತ್ತಾಗಿತ್ತು.

ಆದರೆ ಭಟ್ಟರು ಕೇಳಿದ್ದು ಸಣ್ಣ ಪ್ರಶ್ನೆಯಾಗಿರಲಿಲ್ಲ. ದರಕು ಎಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ. ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಅಡಿಕೆ ಮರದ ಬುಡಕ್ಕೆ ಹಾಕಬೇಕಾದ್ದು. ಅದಕ್ಕೆಂದೇ ಒಂದೊಂದು ತೋಟಕ್ಕೆ ಒಂದೊಂದು ಸೊಪ್ಪಿನ ಬೆಟ್ಟ ಅಜ್ಜಂದಿರ ಕಾಲದಿಂದ ಗೊತ್ತಾಗಿದೆ. ನಡುವೆ ಬೇಲಿಯಿಲ್ಲ, ಗಡಿಗೆ ತೋಡಿದ ಒಂದು ಅಗಳು ಮಾತ್ರ. ಮೊಣಕಾಲಿನಷ್ಟು ಆಳದ ಆ ಅಗಳನ್ನು ದನ ದಾಟೀತು, ಮನುಷ್ಯರು ದಾಟುವುದಿಲ್ಲ. ಮೇಲ್ಬೆಟ್ಟ ಬಿಟ್ಟುಕೊಟ್ಟರೆ ಭಟ್ಟರ ತೋಟಕ್ಕೆ ಬೇರೆ ಕಡೆಯ ದರಕಿಲ್ಲ. ಕಂಪನಿಯ ಪರವಾಗಿ ಬರಲಿದ್ದ ನಿರಂಜನ ಫೋನಿನಲ್ಲಿ ಹೇಳಿಬಿಟ್ಟಿದ್ದ: "ಮೇಡಂ, ಗುಂಡಿಗೆ ದುಡ್ಡಿದೆ, ಗಿಡಕ್ಕಿದೆ, ಬೋರ್ಡ್ ಹಾಕ್ಸೋಕೂ ಇದೆ. ಒಣಗಿದ ಎಲೆಗೆ ಅಂತ ಬಜೆಟ್ಟಲ್ಲಿ ಯಾವ ಹೆಡ್ಡೂ ಇಲ್ಲ." ಅವನು ಶನಿವಾರ ಬೆಟ್ಟ ನೋಡಲು ಬರುವವನು. ಅಷ್ಟರೊಳಗೆ ಭಟ್ಟರು ಒಪ್ಪದಿದ್ದರೆ ಈ ವರ್ಷದ ನೆರವು ತೀರ್ಥಹಳ್ಳಿಯ ಕಡೆಯ ಇನ್ನೊಂದು ಊರಿಗೆ ಹೋಗುತ್ತದೆ. ಅಲ್ಲಿಯವರು ಆಗಲೇ ತಯಾರಾಗಿ ನಿಂತಿದ್ದಾರೆ.

"ಭಟ್ರೆ, ನೀವು ಮೇಲ್ಬೆಟ್ಟ ಬಿಡಿ. ಊರಿನ ಪ್ರತಿ ಮನೆಯಿಂದ ಒಂದೊಂದು ಹೆಡಿಗೆ ದರಕು ನಿಮ್ಮ ಮನೆಗೆ ತಂದು ಹಾಕ್ತೀವಿ" ಎಂದುಬಿಟ್ಟಳು ಸಮತಾ. ಯೋಚಿಸಿ ಆಡಿದ ಮಾತಲ್ಲ. ಬಾಯಿಗೆ ಬಂದದ್ದು. ಬಂದ ಮೇಲೆ ಅವಳಿಗೇ ಚೆಂದ ಕಂಡಿತು.

ಎಲ್ಲರಿಗೂ ಚೆಂದ ಕಂಡಿತು. ಮಹಿಳಾ ಸಂಘ ನಡೆಸುವ ಕಾವ್ಯಾ, ದುಗ್ಗಪ್ಪನ ಸೊಸೆ, "ನಮ್ಮ ಕೇರಿಯಿಂದ ಮೊದಲ ಹೆಡಿಗೆ" ಎಂದಳು. ಹತ್ತಿರದಲ್ಲೇ ದರಕು ತುಂಬಿದ ಬೆಟ್ಟವಿದ್ದ ಪದ್ಮರಾಜಯ್ಯನವರು ಗಂಟಲು ಸರಿಮಾಡಿಕೊಂಡು ಹೆಗಲ ಮೇಲಿನ ಶಾಲಿನ ಅಂಚು ನೋಡತೊಡಗಿದರು.

"ಬಂದು ಬೀಳ್ಲಿ. ಆಮೇಲೆ ಮಾತಾಡುವ" ಎಂದು ಭಟ್ಟರು ಎದ್ದರು.

ಆ ಸಂಜೆ ಊಟಕ್ಕೆ ಬಡಿಸುವಾಗ ಸಮತಾ ಮೆಲ್ಲಗೆ ತೆಗೆದಳು. "ಮಾವ, ನಮ್ಮ ಬೆಟ್ಟದಲ್ಲಿ ದರಕು ಹಾಗೇ ಕೊಳೀತಾ ಬಿದ್ದಿದೆ. ಭಟ್ರಿಗೆ ಅಲ್ಲಿಂದ್ಲೇ ಕೊಡಬಹುದಲ್ವಾ?"

"ಕೊಳೀಲಿ ಬಿಡು. ಕೊಳೀಬೇಕು ಅಂತ ನೀನೇ ಅಲ್ವಾ ಭಾಷಣ ಮಾಡಿದ್ದು?" ಎಂದರು ಪದ್ಮರಾಜಯ್ಯ. ತಮ್ಮ ಮಾತಿಗೆ ತಾವೇ ನಕ್ಕರು.

"ಹಳ್ಳದ ತಲೆ ಅಲ್ಲಿಲ್ಲ ಮಾವ. ಅರ್ಧ ತೆಗೆದು ಅರ್ಧ ಬಿಟ್ರೂ ನಮ್ಮ ಬೆಟ್ಟಕ್ಕೆ ಏನೂ ಆಗಲ್ಲ. ನಮ್ಮ ತೋಟಕ್ಕೆ ಬೇಕಾಗಿದ್ದಕ್ಕಿಂತ ಎಷ್ಟೋ ಜಾಸ್ತಿ ಇದೆ."

ಅದೇ ಅವರಿಗೆ ಚುಚ್ಚಿದ್ದು. ಎಲೆಚುಕ್ಕಿ ರೋಗ ಬಂದ ಮೇಲೆ ಅವರ ತೋಟ ಸೊರಗಿತ್ತು. ಸೊರಗಿದ ತೋಟಕ್ಕೆ ಅಷ್ಟು ದೊಡ್ಡ ಬೆಟ್ಟ ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ ಅವರಿಗೆ ಮೊದಲಿನಿಂದಲೂ ಇತ್ತು. "ನಮ್ಮ ಮನೆಯಿಂದ ಒಂದು ಹೆಡಿಗೆ ಅಂದಿದ್ದೀಯ, ಕಳಿಸ್ತೀನಿ. ಆಳಿಗೆ ನಾನೇ ಹೇಳ್ತೀನಿ. ಆದ್ರೆ ಬೆಟ್ಟದೊಳಗೆ ಜನ ಬಿಡೋದು ಬೇರೆ ಮಾತು. ಇವತ್ತು ದರಕಿಗೆ ಬರ್ತಾರೆ, ನಾಳೆ ಸೌದೆಗೆ. ನಾಡಿದ್ದು ಈ ಬೆಟ್ಟ ಯಾರದ್ದು ಅಂತ ನಾನೇ ಹೋಗಿ ಕೇಳ್ಬೇಕಾಗುತ್ತೆ."

ಅತ್ತೆ ಜ್ವಾಲಾಮಾಲಿನಿ ಸೊಸೆಗೆ ಕಣ್ಣಲ್ಲೇ ಸಾಕು ಎಂದರು. ಸಮತಾ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟು ಬಂದಿತ್ತು. ಊರಿಗೆಲ್ಲ ಬುದ್ಧಿ ಹೇಳಿ ಬಂದವಳಿಗೆ ತನ್ನ ಮನೆಯ ಊಟದ ತಟ್ಟೆಯೆದುರು ಮಾತು ಸಾಗಲಿಲ್ಲವಲ್ಲ ಎಂಬ ಸಿಟ್ಟು.

ಶನಿವಾರ ಬೆಳಿಗ್ಗೆ ಅವಳು ಭಟ್ಟರ ಮನೆಗೆ ಹೋದಾಗ ಅಂಗಳದಲ್ಲಿ ದರಕಿನ ರಾಶಿ ಬಿದ್ದಿತ್ತು. ಬರೀ ರಾಶಿಯಲ್ಲ, ಆಚೆ ನಿಂತವರ ತಲೆ ಕಾಣದಷ್ಟು ಎತ್ತರ. ಕೆಳಕೇರಿಯ ಹೆಂಗಸರು ಮಂಜು ಆರುವ ಮೊದಲೇ ಎದ್ದು, ಎಲೆ ಮೆತ್ತಗಿದ್ದಾಗಲೇ ಒತ್ತಿ ಒತ್ತಿ ತುಂಬಿ ಹೊತ್ತು ತಂದಿದ್ದರು. ದುಗ್ಗಪ್ಪ ತಲೆಯ ಟವೆಲ್ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. ಭಟ್ಟರ ಹೆಂಡತಿ ಮಹಾಲಕ್ಷ್ಮೀ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದರು. ಸಮತಾಳಿಗೆ ಕಣ್ಣು ತುಂಬಿ ಬಂತು. ಇಷ್ಟು ಸುಲಭವಾಗಿ ಆಗಿಹೋಯಿತೇ ಎಂದುಕೊಂಡಳು.

"ಊರವೆಲ್ಲ ತಂದು ಹಾಕಿದ್ದ. ಇನ್ನೂ ಎಂತಕ್ಕೆ ಮುಖ ಗಂಟು ಹಾಕ್ಯಂಡು ಕೂತಿದ್ದಿ ನಿಂಗೊ?" ಎಂದು ಮಹಾಲಕ್ಷ್ಮೀ ಗಂಡನನ್ನು ಕೆಣಕಿದರು.

"ಆನು ಎಂತೂ ಹೇಳಿದ್ನಿಲ್ಲೆ ಮಾರಾಯ್ತಿ" ಎನ್ನುತ್ತ ಭಟ್ಟರು ಜಗಲಿಯಿಂದ ಇಳಿದರು. ಮುಖ ನಿಜವಾಗಿಯೂ ಸಡಿಲಾಗಿತ್ತು. ರಾಶಿಗೆ ಕೈ ಹಾಕಿ ಒಂದು ಮುಷ್ಟಿ ಎತ್ತಿದರು. ಬೆರಳಿನಿಂದ ಕೆದಕಿದರು. ಒಂದು ಉದ್ದನೆಯ ಎಲೆ ಹಿರಿದು ಬೆಳಕಿಗೆ ಹಿಡಿದು ನೋಡಿದರು.

"ಇದು ರಾಮಪತ್ರೆ" ಎಂದರು. "ಈ ಊರಲ್ಲಿ ರಾಮಪತ್ರೆ ಮರ ಇರೋದು ಒಂದೇ ಕಡೆ. ಎಲ್ಲಿಂದ ತಂದ್ರಿ ಇದನ್ನ?"

"ಮೇಲ್ಬೆಟ್ಟದಿಂದ್ಲೇ ಭಟ್ರೆ" ಎಂದಳು ಕಾವ್ಯಾ.

ಭಟ್ಟರ ಕೈಯಿಂದ ಎಲೆ ಜಾರಿತು. "ಎಂಗೊಳ ಬೆಟ್ಟದ್ದೇ! ಎಂಗೊಳ ಬೆಟ್ಟದ್ದೇ ಗುಡಿಸಿ ಎಂಗೊಗೇ ತಂದು ಕೊಟ್ಟಿದ್ದ!" ಎಂದು ಹೆಂಡತಿಯ ಕಡೆ ತಿರುಗಿ ಕೂಗಿದರು. ಸಿಟ್ಟು ಬಂದಾಗ ಅವರಿಗೆ ಮನೆಮಾತು ಬಿಟ್ಟು ಬೇರೆ ಬರುತ್ತಿರಲಿಲ್ಲ.

ಕಾವ್ಯಾ ತಬ್ಬಿಬ್ಬಾಗಿ ಸಮತಾಳನ್ನು ನೋಡಿದಳು. "ಇನ್ನೆಲ್ಲಿಂದ ತರೋದು ಅಕ್ಕ? ಬೇರೆಯವ್ರ ಬೆಟ್ಟಕ್ಕೆ ಹೋದ್ರೆ ಕಳ್ಳತನ ಆಗಲ್ವಾ? ಭಟ್ರ ತೋಟಕ್ಕೆ ಭಟ್ರ ಬೆಟ್ಟದ್ದು ಅಂದ್ರೆ ಯಾರೂ ತಪ್ಪು ತಿಳ್ಕೊಳಲ್ಲ ಅಂದ್ಕೊಂಡ್ವಿ. ಬೆಟ್ಟ ಮುಚ್ಚೋದು ಕಂಪನಿಯವ್ರು ಬಂದ ಮೇಲಲ್ವಾ? ಅಷ್ಟ್ರೊಳಗೆ ಒಂದ್ಸಲ ಪೂರ್ತಿ ಗುಡಿಸಿಕೊಟ್ರೆ ಈ ವರ್ಷದ್ದು ಆಯ್ತಲ್ಲ ಅಂತ..."

"ಪೂರ್ತಿ ಗುಡಿಸಿದ್ರಾ?" ಸಮತಾಳ ದನಿ ಸಣ್ಣಗಾಗಿತ್ತು.

"ಒಂದು ಎಲೆ ಬಿಟ್ಟಿಲ್ಲ" ಎಂದ ದುಗ್ಗಪ್ಪ. ಹೊಗಳಿಸಿಕೊಳ್ಳಲು ಬಂದವನಿಗೆ ಬೈಗುಳ ಸಿಕ್ಕಿದ್ದಕ್ಕೆ ಅವನ ಮುಖ ಕೆಂಪೇರಿತ್ತು. "ನೀವೇ ಹೇಳಿ ಭಟ್ರೆ, ನಮ್ಮ ಕೇರಿಗೆ ಬೆಟ್ಟ ಎಲ್ಲಿದೆ? ತೋಟ ಇದ್ದವ್ರಿಗೆ ಬೆಟ್ಟ. ನಮ್ಗಿರೋದು ಗದ್ದೆ. ಗದ್ದೇಲಿ ದರಕು ಬೆಳೀತದಾ? ಮನೆಗೊಂದು ಹೆಡಿಗೆ ಅಂದ್ರಿ, ಹೂಂ ಅಂದ್ವಿ. ನಮ್ಮ ಮಾತು ನಾವು ಉಳಿಸ್ಕೊಂಡಿದೀವಿ."

ಸಮತಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಪ್ರತಿ ಮನೆಯಿಂದ ಎಂದವಳು ಅವಳೇ. ಊರಿನ ಅರ್ಧ ಮನೆಗಳಿಗೆ ಎಲೆ ಹೆಕ್ಕಲು ಒಂದಂಗುಲ ಬೆಟ್ಟವಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಬೆಟ್ಟವಿದ್ದ ಮನೆಗೆ ಸೊಸೆಯಾಗಿ ಬಂದವಳಿಗೆ ಬೆಟ್ಟವಿಲ್ಲದಿರುವುದು ಹೇಗಿರುತ್ತದೆಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ನಾನು ಇದ್ರಲ್ಲಿಲ್ಲ" ಎಂದರು ಭಟ್ಟರು. "ಕಂಪನಿಯವ್ರು ಬಂದ್ರೆ ಹಾಗೇ ಹೇಳಿ ಕಳ್ಸಿ. ದರಕು ಬಿದ್ದಲ್ಲೇ ಕೊಳೀಬೇಕು ಅಂತೀರಿ, ನೋಡಿದ್ರೆ ಬೆಟ್ಟವೇ ಬೋಳು."

ಮಜ್ಜಿಗೆಯ ಲೋಟಗಳು ಕೈಯಲ್ಲೇ ಉಳಿದವು. ಆಗ ಮಹಾಲಕ್ಷ್ಮೀ ಕೈಯಲ್ಲಿದ್ದ ಚೊಂಬನ್ನು ಜಗಲಿಯ ಮೇಲಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಖಾಲಿ ಹೆಡಿಗೆ ಎಳೆದುಕೊಂಡರು. ರಾಶಿಯಿಂದ ಬಾಚಿ ತುಂಬಲು ಶುರುಮಾಡಿದರು.

"ಎಂತ ಮಾಡ್ತಿದ್ದೆ?" ಎಂದರು ಭಟ್ಟರು.

"ಬಿದ್ದಲ್ಲಿಗೇ ಹಾಕಿ ಬತ್ತೆ. ಇವು ಕದಿಯಲೆ ಬಂದಿದ್ವಿಲ್ಲೆ, ಕೊಡಲೆ ಬಂದಿದ್ದ. ಅಷ್ಟು ಗೊತ್ತಾಗ್ತಿಲ್ಲೆಯ ನಿಂಗೊಗೆ?"

"ನಿನ್ನ ಮಂಡಿ ನೋವು?"

"ಮಂಡಿ ನೋವು ಇದ್ದು. ಅದ್ಕೇ ನಿಂಗೊ ಹೊರವು" ಎಂದು ತುಂಬಿದ ಹೆಡಿಗೆಯನ್ನು ಗಂಡನಿಗೆ ಹಿಡಿಸಿದರು.

ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕಾವ್ಯಾ ಲೋಟ ಕೆಳಗಿಟ್ಟು ತನ್ನ ಹೆಡಿಗೆ ಎತ್ತಿಕೊಂಡಳು. ಒಬ್ಬರ ಹಿಂದೆ ಒಬ್ಬರು ಎದ್ದರು. ಇಷ್ಟು ಹೊತ್ತು ತಂದದ್ದನ್ನು ಮತ್ತೆ ಹೊರಬೇಕಾದ ಸಂಕಟಕ್ಕೆ ದುಗ್ಗಪ್ಪ ಗೊಣಗುತ್ತಲೇ ಇದ್ದ. ಗೊಣಗುತ್ತಲೇ ಎಲ್ಲರಿಗಿಂತ ದೊಡ್ಡ ಹೆಡಿಗೆ ತುಂಬಿದ.

ಕಂಪನಿಯವರನ್ನು ಎದುರುಗೊಳ್ಳಲೆಂದು ಪದ್ಮರಾಜಯ್ಯನವರು ಇಸ್ತ್ರಿಯ ಪಂಚೆ ಉಟ್ಟು, ಜ್ವಾಲಾಮಾಲಿನಿಯವರ ಜೊತೆ ಆಗಷ್ಟೇ ಬಂದರು. ನಡೆದದ್ದನ್ನು ಸಮತಾ ಹೇಳಿದಳು. ಅತ್ತೆ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಮೆಲ್ಲಗೆ ತುಂಬ್ಸಿ ಮಾರಾಯ್ತಿಯರಾ" ಎಂದರು. "ಎಲೆ ಅಡಿಯಲ್ಲಿ ಎಷ್ಟು ಜೀವ ಇದಾವೋ. ಪಾಪ, ಅವುಕ್ಕೂ ಬೆಳಿಗ್ಗೆಯಿಂದ ಮನೆ ತಪ್ಪಿದೆ." ಉಗುರಿನಷ್ಟೇ ಇದ್ದ ಒಂದು ಕಪ್ಪೆಯನ್ನು ಎಲೆಯ ಸಮೇತ ಎತ್ತಿ ಹೆಡಿಗೆಯ ಮೇಲಿಟ್ಟರು. ಆ ಹೆಡಿಗೆಯನ್ನು ಗಂಡನ ಮುಂದೆ ತಳ್ಳಿದರು. "ಇದನ್ನ ನೀವು ತಗೊಳ್ಳಿ. ಜೋಪಾನ."

ಪದ್ಮರಾಜಯ್ಯನವರು ಹುಟ್ಟಿದಂದಿನಿಂದ ತಲೆಯ ಮೇಲೆ ಹೆಡಿಗೆ ಹೊತ್ತವರಲ್ಲ. ಅಷ್ಟು ಜನರ ಎದುರು ಕಪ್ಪೆಗೆ ಒಲ್ಲೆ ಎನ್ನಲೂ ಆಗಲಿಲ್ಲ. ಶಾಲನ್ನೇ ಸಿಂಬೆ ಸುತ್ತಿಕೊಂಡರು.

ನಿರಂಜನನ ಜೀಪು ಬಂದದ್ದು ಆಗಲೇ. ಇಳಿದವನಿಗೆ ಕಂಡದ್ದು ಒಣಗಿದ ಎಲೆಯನ್ನು ತಲೆಯ ಮೇಲೆ ಹೊತ್ತು ಬೆಟ್ಟ ಹತ್ತುತ್ತಿರುವ ಒಂದು ಊರು. ಎಲೆ ಬೆಟ್ಟದಿಂದ ಇಳಿಯುವುದನ್ನು ಅವನು ಬೇಕಾದಷ್ಟು ನೋಡಿದ್ದ, ಹತ್ತುವುದನ್ನು ನೋಡಿರಲಿಲ್ಲ. "ಮೇಡಂ, ಇದು ಯಾವ ಕಾರ್ಯಕ್ರಮ?" ಎಂದು ಕೇಳಿದ.

"ಹತ್ತಿ ಬನ್ನಿ, ಹೇಳ್ತೀನಿ" ಎಂದಳು ಸಮತಾ. ಅವಳ ತಲೆಯ ಮೇಲೂ ಹೆಡಿಗೆಯಿತ್ತು.

ಮೇಲ್ಬೆಟ್ಟಕ್ಕೆ ಹೋಗುವ ಕಾಲುದಾರಿ ಪದ್ಮರಾಜಯ್ಯನವರ ಬೆಟ್ಟದ ಅಗಳಿನ ಪಕ್ಕದಲ್ಲೇ ಹೋಗುತ್ತದೆ. ಅಗಳಿನಾಚೆ ಮರಗಳ ಅಡಿಯಲ್ಲಿ ದರಕು ಅಡಿಗಟ್ಟಲೆ ಬಿದ್ದಿತ್ತು. ಹೋದ ವರ್ಷದ್ದರ ಮೇಲೆ ಈ ವರ್ಷದ್ದು. ಈಚೆ, ಅಷ್ಟೊಂದು ಎಲೆಯ ಎದುರಿಗೇ, ಊರವರೆಲ್ಲ ಎಲೆ ಹೊತ್ತು ಏದುಸಿರು ಬಿಡುತ್ತ ಸಾಗಿದರು. ಎಲ್ಲರೂ ಒಮ್ಮೆ ಆ ಕಡೆ ನೋಡಿದರು. ದುಗ್ಗಪ್ಪನಂಥ ದುಗ್ಗಪ್ಪನೂ ಬಾಯಿ ಬಿಗಿಹಿಡಿದು ಹೆಜ್ಜೆ ಹಾಕಿದ. ಸಾಲಿನ ಕೊನೆಗಿದ್ದ ಪದ್ಮರಾಜಯ್ಯನವರು ತಲೆಯ ಮೇಲಿನ ಹೆಡಿಗೆ ಹಿಡಿದ ಕೈಯ ಸಂದಿಯಿಂದ ತಮ್ಮ ಬೆಟ್ಟವನ್ನು ನೋಡಿದರು. ಹೊರೆ ಹೊತ್ತು ಅವರು ಅದನ್ನು ನೋಡಿದ್ದು ಅದೇ ಮೊದಲು.

ಹಳ್ಳದ ತಲೆಯಲ್ಲಿ ಕೆಂಪು ಮಣ್ಣು ಬೋಳಾಗಿ ಕಾಣುತ್ತಿತ್ತು. ಕಸಬರಿಕೆಯ ಗೆರೆಗಳು ಇನ್ನೂ ಮಾಸಿರಲಿಲ್ಲ. ಒರತೆಯ ಕಲ್ಲಿನ ಸಂದಿಯಿಂದ ನೀರು ಸಣ್ಣಗೆ, ನಿಂತೂ ನಿಂತೂ ಬರುತ್ತಿತ್ತು. ಹೆಡಿಗೆಗಳು ಒಂದೊಂದಾಗಿ ಖಾಲಿಯಾದವು. ಹೆಂಗಸರು ಕಾಲಿನಿಂದ ಎಲೆ ಹರಡಿದರು. ಪದ್ಮರಾಜಯ್ಯನವರು ಕಪ್ಪೆಯನ್ನು ಹುಡುಕಿದರು. ಅದು ಹೆಡಿಗೆಯಲ್ಲಿರಲಿಲ್ಲ. ದಾರಿಯಲ್ಲೇ ಎಲ್ಲೋ ಹಾರಿಕೊಂಡಿತ್ತು. ಭಟ್ಟರು ಮೊಣಕಾಲೂರಿ ರಾಮಪತ್ರೆಯ ಬುಡಕ್ಕೆ ಎರಡೂ ಕೈಯಿಂದ ಎಲೆ ಎಳೆದು ಹಾಕುತ್ತಿದ್ದರು, ಮಕ್ಕಳಿಗೆ ಹೊದಿಕೆ ಸರಿಮಾಡಿದಂತೆ.

ನಿರಂಜನ ಎಲ್ಲ ಕೇಳಿಸಿಕೊಂಡ. ಬೂಟಿನ ತುಂಬ ಎಲೆಯ ಚೂರು ತುಂಬಿಕೊಂಡಿದ್ದರೂ ಅವನ ಮುಖದಲ್ಲಿ ಬೇಸರವಿರಲಿಲ್ಲ. "ಸಾರ್, ಜಾಗ ನಂಗೆ ಇಷ್ಟ ಆಯ್ತು" ಎಂದ ಭಟ್ಟರಿಗೆ. "ಆದ್ರೆ ನಿಮ್ಮ ಒಪ್ಪಿಗೆ ಇಲ್ಲದೆ ನಾನು ಏನೂ ಮಾಡೋ ಹಾಗಿಲ್ಲ. ಒಪ್ಪಿಗೆ ಇದೆಯಾ?"

ಭಟ್ಟರು ಕೈ ಕೊಡವಿ ಎದ್ದರು. ಕಾವ್ಯಾ ಸಮತಾಳ ಕೈ ಹಿಡಿದುಕೊಂಡಳು.

"ಈ ಹಳ್ಳದಲ್ಲಿ ನಾನು ಈಜಾಡಿದೀನಿ" ಎಂದರು ಭಟ್ಟರು. "ಅದು ಮತ್ತೆ ಹರೀಬೇಕು ಅಂತ ನನಗೂ ಇದೆ. ಇವತ್ತು ಇವ್ರೆಲ್ಲ ಎರಡು ಸಲ ಹೊತ್ತಿದ್ದು ನೋಡಿದ ಮೇಲೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಆದ್ರೆ ನನ್ನ ತೋಟಕ್ಕೆ ದರಕು ಎಲ್ಲಿಂದ ಬರ್ತದೆ ಅಂತ ಭಾನುವಾರವೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ತೋಟ ಬಿಟ್ಟು ನಾನು ಬದುಕೋದು ಹ್ಯಾಗೆ? ಹೂಂ ಅಂತ ಸುಳ್ಳು ಹೇಳ್ಲಾ?"

ನಿರಂಜನ ತಲೆ ತಗ್ಗಿಸಿದ. ಖಾಲಿ ಹೆಡಿಗೆ ಹಿಡಿದು ಎಲ್ಲರೂ ಇಳಿಯತೊಡಗಿದರು. ಇಳಿಯುವಾಗ ಹೆಡಿಗೆ ಹಗುರವಾಗಿತ್ತು, ಸಮತಾಳ ಎದೆ ಮಾತ್ರ ಭಾರವಾಗಿತ್ತು. ಇಷ್ಟು ದೂರ ಬಂದು ಇಷ್ಟರಲ್ಲಿ ತಪ್ಪಿಹೋಯಿತಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು.

ಅಗಳಿನ ಹತ್ತಿರ ಬಂದಾಗ ಮುಂದಿದ್ದವರು ನಿಂತರು. ಎಲ್ಲರಿಗಿಂತ ಮೊದಲು ಇಳಿದಿದ್ದ ಪದ್ಮರಾಜಯ್ಯನವರು ದಾರಿಯಲ್ಲಿರಲಿಲ್ಲ. ಅಗಳಿನಾಚೆ, ತಮ್ಮ ಬೆಟ್ಟದಲ್ಲಿ, ಪಂಚೆ ಮೇಲೆತ್ತಿ ಕಟ್ಟಿಕೊಂಡು ಬಗ್ಗಿ ದರಕು ಬಾಚುತ್ತಿದ್ದರು. ಬಾಚುವ ಬಗೆ ಗೊತ್ತಿರಲಿಲ್ಲ. ಅರ್ಧ ಹೆಡಿಗೆಗೆ ಬಿದ್ದರೆ ಅರ್ಧ ಹೊರಗೆ ಚೆಲ್ಲುತ್ತಿತ್ತು. ಆದರೂ ಹೆಡಿಗೆ ತುಂಬಿತು.

"ಮಾವ" ಎಂದಳು ಸಮತಾ.

ಅವರು ಅವಳ ಕಡೆ ನೋಡಲಿಲ್ಲ. "ಅಲ್ಲೇ ನಿಂತ್ರೆ ಹೆಂಗೆ?" ಎಂದರು ಎಲ್ಲರಿಗೂ ಕೇಳುವಂತೆ, ಸ್ವಲ್ಪ ಗಡುಸಾಗಿಯೇ. "ಭಟ್ರ ಮನೆಗೆ ಹೊತ್ಕೊಂಡು ಹೋಗೋದಿದೆ. ನಿಮ್ಮ ಗದ್ದೆಗೂ ಬೇಕಾದ್ರೆ ತಗೊಂಡು ಹೋಗಿ. ಅರ್ಧ ಬಿಡ್ಬೇಕಂತೆ. ಎಲ್ಲಿ ಬಿಡ್ಬೇಕು, ಎಲ್ಲಿ ತೆಗೀಬೇಕು ಅಂತ ಸಮತಾ ಹೇಳ್ತಾಳೆ. ಪ್ರತಿ ವರ್ಷವೂ ಅಷ್ಟೇ."

ಕಾವ್ಯಾ ಅಗಳಿನ ಅಂಚಿಗೆ ಬಂದು ನಿಂತಳು. ಒಂದು ಕಾಲು ಎತ್ತಿ, ಮತ್ತೆ ಇಳಿಸಿ, ತನ್ನ ಮಾವ ದುಗ್ಗಪ್ಪನ ಮುಖ ನೋಡಿದಳು. ಅವನೂ ನಿಂತೇ ಇದ್ದ. ಆಚೆ ಪದ್ಮರಾಜಯ್ಯನವರು ತುಂಬಿದ ಹೆಡಿಗೆಯ ಕಿವಿ ಹಿಡಿದು ಎತ್ತಲು ನೋಡಿದರು. ಸೊಂಟದವರೆಗೆ ಬಂತು, ಮೇಲಕ್ಕೆ ಬರಲಿಲ್ಲ. ಮತ್ತೊಮ್ಮೆ ಎತ್ತಿದರು. ಒತ್ತಿ ತುಂಬಿದ ಹೆಡಿಗೆಯನ್ನು ಯಾರೂ ಒಬ್ಬರೇ ತಲೆಗೆ ಏರಿಸಿಕೊಳ್ಳಲಾರರು.

ದುಗ್ಗಪ್ಪ ಅಗಳು ದಾಟಿದ. ಒಂದು ಕಡೆ ಅವನು, ಇನ್ನೊಂದು ಕಡೆ ಅವರು ಹಿಡಿದು ಹೆಡಿಗೆ ಎತ್ತಿದರು. "ತಲೆ ನೆಟ್ಟಗಿಡಿ ಅಯ್ಯಾ, ಹಾಂ, ಹಂಗೆ" ಎಂದು ಸಿಂಬೆ ಸರಿಮಾಡಿದ. ಆಮೇಲೆ ತಾನೂ ಬಗ್ಗಿ ತುಂಬಿಕೊಂಡ. ತುಂಬಿದ್ದು ಮುಗಿಸಿ ನೆಟ್ಟಗಾಗಿ, ತನಗೆ ಎತ್ತಿಕೊಡುವವರು ಯಾರೆಂದು ಸುತ್ತ ನೋಡಿದ.

ದಾರಿಯಲ್ಲಿದ್ದ ವೆಂಕಟ್ರಮಣ ಭಟ್ಟರು ಕೈಯಲ್ಲಿದ್ದ ಖಾಲಿ ಹೆಡಿಗೆಯನ್ನು ನಿರಂಜನನಿಗೆ ಹಿಡಿಸಿ, ಅಗಳಿಗೆ ಇಳಿದರು.